ಸೊಸೆಯ ಜೊತೆ ದವಾಖಾನೆಗೆ

ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಬಾಲಮ್ಮ ಅಂಬ್ರಪ್ಪನನ್ನು ಹೆತ್ತಳು. ಶಹಾಪುರದ ಸುತ್ತಲಿನ ಜೋಳದ ಹೊಲಗಳು ಆಗ ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದವು. ಸಸಿ ಹಚ್ಚಲು ಆಳು ಸಾಲದೆ, ಹೆತ್ತ ಹನ್ನೆರಡನೆಯ ದಿನವೇ ಅವಳೂ ಕೆಸರಿಗಿಳಿದಳು. ಸಸಿಯ ಹೊರೆ ಎತ್ತುವಾಗ ಒಳಗಿನದೇನೋ ಕೆಳಗೆ ಜಾರಿತು. ಸಂಜೆ ಬಚ್ಚಲಲ್ಲಿ ಮುಟ್ಟಿ ನೋಡಿಕೊಂಡರೆ ಮೆತ್ತನೆಯ ಗಂಟೊಂದು ಹೊರಗೆ ಬಂದಿತ್ತು. ಬೆರಳಿನಿಂದ ಒಳಗೆ ತಳ್ಳಿ, ಹಳೆ ಸೀರೆಯ ತುಂಡು ಮಡಚಿ ಕಟ್ಟಿಕೊಂಡು ರೊಟ್ಟಿ ಬಡಿಯಲು ಕೂತಳು.

ಇಪ್ಪತ್ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಮೊದಮೊದಲು ಹೆದರಿಕೆ, ನಾಚಿಕೆ ಎರಡೂ ಇದ್ದವು. ಗಂಡ ಹತ್ತಿರ ಬಂದರೆ ಏನಾದರೊಂದು ನೆವ ಹೇಳುತ್ತಿದ್ದಳು. ಅವನು ತೀರಿಕೊಂಡ ಮೇಲೆ ನೆವ ಹೇಳುವುದೂ ಬೇಕಾಗಲಿಲ್ಲ. ಕೆಮ್ಮಿದರೆ ಸೀರೆ ಒದ್ದೆಯಾಗುತ್ತಿತ್ತು. ಮದುವೆಮನೆಗೆ ಹೋದರೂ ಬಾಗಿಲ ಬಳಿಯೇ ಕೂತು ಎದ್ದು ಬರುತ್ತಿದ್ದಳು. ಬರಬರುತ್ತ ಸೊಂಟದ ಕೆಳಗಿನ ಮೈ ತನ್ನದಲ್ಲವೆಂಬಂತೆ ಬದುಕುವುದು ರೂಢಿಯಾಯಿತು.

ಈ ಸಲದ ನಾಟಿಗೆ ಸೊಸೆ ಹಣಮಮ್ಮನೂ ಬಂದಿದ್ದಳು. ಎರಡನೆಯ ಹೆರಿಗೆಯಾಗಿ ಇಪ್ಪತ್ತು ದಿನವಾಗಿತ್ತು. ಕೂಸನ್ನು ಬದುವಿನ ಮೇಲೆ ಮಲಗಿಸಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳು ತಲೆಯ ಮೇಲಿನ ಹೊರೆಯನ್ನು ತಟ್ಟನೆ ಕೆಳಗೆ ಹಾಕಿ, ಕಾಲು ಜೋಡಿಸಿಕೊಂಡು ನಿಂತುಬಿಟ್ಟಳು. ಬಾಲಮ್ಮ ಅದನ್ನು ಕಂಡಳು. ಏನಾಗಿದೆಯೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಆದರೂ ಬಗ್ಗಿ ಇನ್ನೆರಡು ಸಾಲು ಹಚ್ಚಿದಳು. ಎದೆಯಲ್ಲಿ ಏನೂ ಅಲ್ಲಾಡಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಸೊಸೆಯ ಬಳಿಗೆ ಹೋದಳು.

"ಕೆಳಗ ಜಗ್ಗಾಕತ್ತದೇನು?"

ಹಣಮಮ್ಮ ತಲೆ ಎತ್ತಲಿಲ್ಲ. "ಹೌದತ್ತಿ. ಏನೋ ಬಿದ್ದಂಗ ಆತು."

"ಹೊರಗ ಬಂದದ?"

"ಇಲ್ಲ. ಒಳಗ ಜಡ ಅದ."

"ಕೂಸಿನ್ನ ತಗೋ. ಮನಿಗಿ ನಡಿ."

ಇನ್ನೂ ಅರ್ಧ ಹೊಲ ಬಾಕಿಯಿದೆ ಎಂದು ಆಳುಗಳ ಮುಕಾದಮ ಹಿಂದಿನಿಂದ ಕೂಗಿದ. ಬಾಲಮ್ಮ ತಿರುಗಿ ನೋಡಲಿಲ್ಲ.

ಮರುದಿನ ಇಬ್ಬರೂ ಬಸ್ಸು ಹಿಡಿದು ಶಹಾಪುರದ ದವಾಖಾನೆಗೆ ಹೋದರು. ಡಾಕ್ಟರಮ್ಮ ಹಣಮಮ್ಮನನ್ನು ಪರೀಕ್ಷೆ ಮಾಡಿದರು. ಗರ್ಭಚೀಲ ಸ್ವಲ್ಪ ಇಳಿದಿದೆ, ಈಗ ಭಾರ ಎತ್ತದಿದ್ದರೆ ಸುಧಾರಿಸುತ್ತದೆ ಎಂದರು. ನರ್ಸ್ ಸರ್ವರಬೇಗಂ ವ್ಯಾಯಾಮ ಹೇಳಿಕೊಟ್ಟಳು.

"ಉಚ್ಚಿ ತಡಕೋತೀರಲ್ಲ, ಹಂಗ ಒಳಗ ಬಿಗಿ ಹಿಡೀರಿ. ಐದು ಎಣಿಸಿ ಬಿಡ್ರಿ. ಹತ್ತು ಸಲ. ದಿನಾ ಮೂರು ಹೊತ್ತು. ಉಸಿರು ಮಾತ್ರ ಹಿಡೀಬ್ಯಾಡ್ರಿ."

ಬಾಲಮ್ಮ ನಡುವೆ ಬಾಯಿ ಹಾಕಿದಳು. "ಪೂರಾ ಹೊರಗ ಬಂದ್ರ ಏನು ಮಾಡ್ಬೇಕ್ರಿ? ಬಟ್ಟಿ ತಿಕ್ಕಿ ಹುಣ್ಣಾಗಿ, ರಗತ ಬಂದ್ರ?"

ಸರ್ವರಬೇಗಂ ಸೊಸೆಯನ್ನು ಬಿಟ್ಟು ಅತ್ತೆಯ ಮುಖ ನೋಡಿದಳು. "ಅಮ್ಮಾ, ನೀವೂ ಒಳಗ ಬರ್ರಿ" ಎಂದಳು.

ಪರದೆಯ ಹಿಂದೆ ಬಾಲಮ್ಮ ಗೋಡೆ ನೋಡುತ್ತ ಮಲಗಿದಳು. ಎಷ್ಟು ವರ್ಷವಾಯಿತೆಂದು ಡಾಕ್ಟರಮ್ಮ ಕೇಳಿದರು. ಇಪ್ಪತ್ನಾಲ್ಕು ಎಂದಳು. ಬೇರೆ ಯಾರದೋ ವಯಸ್ಸು ಹೇಳಿದ ಹಾಗಿತ್ತು ಬಾಲಮ್ಮನ ದನಿ.

ಮೊದಲು ಹುಣ್ಣು ಮಾಯಬೇಕಿತ್ತು. ಅದಕ್ಕೆ ಮುಲಾಮು ಕೊಟ್ಟರು. ಆಪರೇಷನ್ನೂ ಮಾಡಬಹುದು, ಇಲ್ಲವೇ ಒಳಗೆ ರಬ್ಬರಿನ ರಿಂಗು ಕೂರಿಸಬಹುದು ಎಂದರು. ಬಾಲಮ್ಮ ರಿಂಗು ಸಾಕೆಂದಳು. ಮೂರು ವಾರದ ನಂತರ ಅದನ್ನು ಕೂರಿಸಿ, ವರಾಂಡದಲ್ಲಿ ಆಚೆ ಈಚೆ ನಡೆಸಿದರು, ಕೆಮ್ಮಿಸಿದರು.

"ಹೆಂಗನಸ್ತದ?" ಎಂದು ಸರ್ವರಬೇಗಂ ಕೇಳಿದಳು.

"ಏನೂ ಅನಸವಲ್ದು."

"ಸರಿ ಕೂತದ. ಸರಿ ಕೂತ್ರ ಏನೂ ಅನಸಂಗಿಲ್ಲ."

ಆ ಸಂಜೆ ಅಂಬ್ರಪ್ಪ ಹೆಂಡತಿಯನ್ನು ಯಾವಾಗ ಕೆಲಸಕ್ಕೆ ಕಳಿಸುತ್ತೀ ಎಂದು ಕೇಳಿದ. ಬಾಲಮ್ಮ ಒಲೆಯ ಮುಂದಿನಿಂದಲೇ ಹೇಳಿದಳು:

"ನೀ ಹುಟ್ಟಿದ ಹನ್ನೆರಡನೇ ದಿನಕ್ಕ ನಾ ಹೋದೆ. ಅವತ್ತಿಂದ ಗರ್ಭಚೀಲ ಹೊರಗ ಇಟ್ಕೊಂಡು ತಿರುಗೀನಿ. ಅಕಿ ಈ ಸುಗ್ಗಿಗಿ ಬರಂಗಿಲ್ಲ. ನೀರಿನ ಕೊಡಾನೂ ಅಕಿ ಎತ್ತಂಗಿಲ್ಲ."

ಅಂಬ್ರಪ್ಪ ತಾಟಿನಲ್ಲಿದ್ದ ರೊಟ್ಟಿ ಮುರಿಯುವುದನ್ನು ಬಿಟ್ಟ. ತಾಯಿ ಅಳುತ್ತಿದ್ದಾಳೇನೋ ಎಂದು ನೋಡಿದ. ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದಳು. ಮುಂಜಾನೆ ಅವನೇ ಕೊಡ ಹಿಡಿದು ನಲ್ಲಿಗೆ ಹೋದ. ಓಣಿಯವರು ನಕ್ಕರು. ಮರುದಿನವೂ ಹೋದ.

ಹಣಮಮ್ಮ ಗೋಡೆಗೊರಗಿ ಕೂಸಿಗೆ ಮೊಲೆ ಕೊಡುತ್ತಲೇ ವ್ಯಾಯಾಮ ಮಾಡುತ್ತಿದ್ದಳು. ಎರಡು ತಿಂಗಳಿಗೆ ಒಳಗಿನ ಭಾರವೆಲ್ಲ ಹೋಯಿತು. ಅವಳು ಅದನ್ನು ಹೇಳಿದಾಗ ಬಾಲಮ್ಮ "ಹೂಂ" ಎಂದಳು.

ಮೂರು ತಿಂಗಳಿಗೆ ರಿಂಗು ತೆಗೆದು ತೊಳೆದು ಹಾಕಿಸಿಕೊಳ್ಳಲು ಬಾಲಮ್ಮ ಒಬ್ಬಳೇ ದವಾಖಾನೆಗೆ ಹೋದಳು. ಎಲ್ಲ ಮುಗಿದು ಸೀರೆ ಸರಿಮಾಡಿಕೊಳ್ಳುವಾಗ ಕೇಳಿದಳು:

"ಮಗ ಹುಟ್ಟಿದಾಗಲೇ ಬಂದಿದ್ರ, ಇದು ಆರಾಮ ಆಗ್ತಿತ್ತೇನ್ರಿ?"

ಸರ್ವರಬೇಗಂ ಕೈ ಒರೆಸಿಕೊಳ್ಳುತ್ತ ಹೇಳಿದಳು. "ಆಗ್ತಿತ್ತಮ್ಮಾ."

ಬಾಲಮ್ಮ ತಲೆಯಾಡಿಸಿದಳು. ಮುಂದಿನ ತಾರೀಖು ಬರೆದ ಚೀಟಿ ಇಸಿದುಕೊಂಡು ಬಸ್‌ ಸ್ಟ್ಯಾಂಡಿಗೆ ನಡೆದಳು.