ಖಲಂದರನ ಅರ್ಧ ಸಾಲು

ಸಿದ್ದಾಪುರದ ಆಚೆ, ಕಾಲುವೆಯ ಹೆಚ್ಚಿನ ನೀರು ಬಂದು ನಿಲ್ಲುವ ಹಳ್ಳದ ದಂಡೆಯಲ್ಲಿ ದ್ಯಾಮಣ್ಣ ಒಬ್ಬನೇ ಕೂತಿದ್ದ. ಲಕ್ವಾ ಹೊಡೆದು ಮಾತು ನಿಂತ ಗೆಳೆಯ ಖಲಂದರನಿಗೆ ಕೊರಮೀನಿನ ಸಾರು ಕುಡಿಸಿದರೆ ಮೈಗೆ ಕಸುವು ಬರುತ್ತದೆಂದು ಊರವರು ಹೇಳಿದ್ದರು. ತಾನೇ ಹಿಡಿದು ತರುತ್ತೇನೆಂದು ದ್ಯಾಮಣ್ಣ ಅವನ ಕೈ ಹಿಡಿದು ಹೇಳಿ ಬಂದಿದ್ದ. ಮಳೆಗಾಲ ಮುಗಿಯುತ್ತ ಬಂದರೂ ಒಂದೂ ಬಿದ್ದಿರಲಿಲ್ಲ.

ಇಬ್ಬರೂ ಒಂದೇ ಭಜನೆ ಮೇಳದವರು, ಮೀನು ಹಿಡಿಯಲೂ ಜೊತೆಯಾಗಿಯೇ ಬರುತ್ತಿದ್ದರು. ನೀರಿನ ಮೇಲೆ ಗಾಳ ಸಿಕ್ಕಿಸಿದ ರಬ್ಬರ್ ಕಪ್ಪೆಯನ್ನು ಕುಪ್ಪಳಿಸುತ್ತ ಎಳೆದರೆ ಕೊರಮೀನು ಕೆಳಗಿನಿಂದ ಬಂದು ಹೊಡೆಯುತ್ತದೆ. ಕೂಡಲೇ ಎಳೆದರೆ ಬಾಯಿಗೆ ಗಾಳ ನಾಟದು. ತೀರ ತಡೆದರೆ ರಬ್ಬರೆಂದು ತಿಳಿದು ಉಗುಳುತ್ತದೆ. ಎಷ್ಟು ಹೊತ್ತು ತಡೆಯಬೇಕೆಂಬುದಕ್ಕೆ ಇವರು ತತ್ವಪದದ ಒಂದು ಸಾಲನ್ನೇ ಅಳತೆ ಮಾಡಿಕೊಂಡಿದ್ದರು. ಮೊದಲರ್ಧ ದ್ಯಾಮಣ್ಣನದು, ಉಳಿದರ್ಧ ಖಲಂದರನದು. ಸಾಲು ಮುಗಿದಾಗ ಎಳೆಯುವುದು.

ತುಂತುರು ಬಿದ್ದ ದಿನ ಮೀನು ಹೊಡೆದು ಉಗುಳಿತು. ಹನಿಗಳ ಸಪ್ಪಳಕ್ಕೆ ಕೆಟ್ಟಿತೆಂದುಕೊಂಡ. ಗಾಳಿ ಎದ್ದ ದಿನ ತೆರೆಗಳನ್ನು ಬೈದ. ಮೋಡ ಕವಿದು ನೀರು ಎಣ್ಣೆಯಂತೆ ನಿಂತ ದಿನವೂ ಕಪ್ಪೆ ಬರಿದೇ ತಿರುಗಿ ಬಂದಾಗ ಬೈಯಲು ಏನೂ ಉಳಿಯಲಿಲ್ಲ. ಎಮ್ಮೆ ಮೇಯಿಸುತ್ತಿದ್ದ ಪಕ್ಕೀರಪ್ಪ ಮೇಲಿಂದ, "ಏನಪಾ ದ್ಯಾಮಣ್ಣ, ಕಪ್ಪಿಗೆ ಈಸು ಕಲಿಸಾಕ ಹತ್ತೀಯೇನ?" ಎಂದು ಕೇಳಿದ್ದ.

ಇಂದು ಸುಡುಬಿಸಿಲು. ಇಂಥ ಹೊತ್ತಿನಲ್ಲಿ ಮೀನು ತಾವರೆ ಎಲೆಯ ನೆರಳು ಬಿಟ್ಟು ಬರುವುದಿಲ್ಲವೆಂದು ಖಲಂದರ ಗಾಳವನ್ನೇ ಮುಟ್ಟುತ್ತಿರಲಿಲ್ಲ. ಆದರೂ ದ್ಯಾಮಣ್ಣ ಎಲೆಗಳ ನಡುವೆ ಕಪ್ಪೆ ಎಸೆದ. ಎಲೆ ನಡುಗಿತು, ನೀರು ಗುಳುಂ ಎಂದಿತು. ತನ್ನ ಅರ್ಧ ಹೇಳಿ ಸುಮ್ಮನಾದ. ಎಡಕ್ಕೆ, ಖಲಂದರ ಕೂರುತ್ತಿದ್ದ ಕಡೆಗೆ ಕಿವಿಗೊಟ್ಟಿದ್ದಾಗಲೇ ಮೀನು ಉಗುಳಿ ದಾರ ಸಡಿಲಾಯಿತು.

ಆಗ ತಿಳಿಯಿತು. ಇಷ್ಟು ದಿನವೂ ಅವನು ಆ ಇನ್ನರ್ಧಕ್ಕಾಗಿ ಕಾಯುತ್ತ ಕೂತಿದ್ದ.

ಅದನ್ನು ತಾನೇ ಹೇಳಿಬಿಟ್ಟರೆ ಖಲಂದರ ಇನ್ನು ಹೇಳುವುದಿಲ್ಲವೆಂದು ಒಪ್ಪಿಕೊಂಡ ಹಾಗೆ. ಬಹಳ ಹೊತ್ತು ಎಸೆಯದೆ ಕೂತ. ಬರಿಗೈಲಿ ಹೋಗಿ ಆ ಹಾಸಿಗೆಯ ಪಕ್ಕ ನಿಲ್ಲುವುದೂ ಆಗದು ಅನ್ನಿಸಿತು. ಮತ್ತೆ ಎಸೆದ. ಮೀನು ಹೊಡೆದಾಗ ತನ್ನ ಅರ್ಧ ಹೇಳಿದ. ಉಳಿದದ್ದನ್ನೂ ತಾನೇ ಹೇಳಿ ಎಳೆದ. ಮೊಳದುದ್ದದ ಕೊರಮೀನು ದಂಡೆಗೆ ಬಂತು.

ಖಲಂದರನ ಹೆಂಡತಿ ಮೀನು ಇಸಿದುಕೊಳ್ಳುತ್ತ, "ಇಷ್ಟ ದಿನ ಬೀಳದ್ದು ಇವತ್ತ ಹ್ಯಾಂಗ ಬಿತ್ತು, ಅಣ್ಣಾ?" ಎಂದಳು.

"ಹವಾ ಕೂಡಿ ಬಂತು, ತಂಗಿ."

ಹಾಸಿಗೆಯಲ್ಲಿದ್ದ ಖಲಂದರ ಬಾಗಿಲಾಚೆಯ ಬಿಸಿಲನ್ನು ನೋಡಿದ, ಆಮೇಲೆ ಪಕ್ಕದಲ್ಲಿ ಬಂದು ಕೂತ ದ್ಯಾಮಣ್ಣನ ಬಾಯನ್ನು ನೋಡಿದ. ಸಾಲು ಪೂರ್ತಿಯಾಗದೆ ಈ ಮೀನು ಬಿದ್ದಿಲ್ಲವೆಂಬುದು ಅವನಿಗೆ ತಿಳಿದುಹೋಗಿತ್ತು. ಆಡುವ ಒಂದೇ ಕೈಯನ್ನು ದ್ಯಾಮಣ್ಣನ ಮೊಣಕಾಲ ಮೇಲೆ ತುಸು ಹೊತ್ತು ಇಟ್ಟು, ತೆಗೆದು, ಗೋಡೆಯ ಕಡೆ ಮಗ್ಗುಲಾದ.