ಗೋವಿಂದಪ್ಪ ಅಗೆದ ನಿಲ್ದಾಣ

ಉಚ್ಚಮ್ಮ ಆದವಾನಿಯಲ್ಲಿ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದಳು. ಅವಳ ಗಂಡ ಗೋವಿಂದಪ್ಪ ಕಾಣೆಯಾಗಿ ಎಂಟು ವರ್ಷವಾಗಿತ್ತು. ಮಹಾನಗರದಲ್ಲಿ ನೆಲದಡಿಯ ಮೆಟ್ರೊ ನಿಲ್ದಾಣ ಕಟ್ಟುವಾಗ ಮಣ್ಣು ಅಗೆಯಲೆಂದು ಅವರ ಊರು ಹಾಲಹರವಿಯಿಂದ ಹತ್ತು ಜನ ಹೋಗಿದ್ದರು. ಒಂಬತ್ತು ಜನ ವಾಪಸಾದರು. "ಹೇಳದ ಕೇಳದ ಎಲ್ಲೋ ಹೋದ" ಎಂದ ಮೇಸ್ತ್ರಿ. ಯಾವಳೋ ಸಿಕ್ಕಿರಬೇಕು ಎಂದು ಊರಿನವರು ಸೇರಿಸಿದರು. ಪೊಲೀಸರು ಅವನು ಅಲ್ಲಿ ದುಡಿದದ್ದಕ್ಕೇ ಪುರಾವೆ ಕೇಳಿದರು.

ಈ ವರ್ಷ, ಅದೇ ಗುಂಪಿನಲ್ಲಿದ್ದ ಲಾಲಪ್ಪ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ನಿಲ್ದಾಣ ತೆರೆದು ಐದು ವರ್ಷವಾಯಿತೆಂದು ಅದರ ಚರಿತ್ರೆಯನ್ನು ಚಿತ್ರಗಳಲ್ಲಿ ಗೋಡೆಗೆ ಹಾಕಿದ್ದರಂತೆ. ಅಂಥ ಒಂದು ಚಿತ್ರದಲ್ಲಿ, ಗುಂಡಿಯ ಅಂಚಿನಲ್ಲಿ ಹಳದಿ ಟೊಪ್ಪಿಗೆ ಹಾಕಿಕೊಂಡು ಗೋವಿಂದಪ್ಪ ನಗುತ್ತಿದ್ದ.

"ನನ್ನ ಅಲ್ಲಿಗೆ ಕರ್ಕೊಂಡು ಹೋಗು," ಎಂದಳು.

"ಏನೈತಿ ಅಕ್ಕಾ ಅಲ್ಲಿ?" ಲಾಲಪ್ಪ ತಲೆ ತಗ್ಗಿಸಿದ.

"ಇಲ್ಲಿ ದುಡಿದಾನ ಅಂತ ಒಂದು ಕಾಗದ ಬರಕೊಡ್ಲಿ. ಸಾಕು."

ಹೋದರು. ಗೋಡೆಯ ಮೇಲಿನ ಗೋವಿಂದಪ್ಪ ಆಳೆತ್ತರಕ್ಕಿದ್ದ. ಉಚ್ಚಮ್ಮ ಅವನ ಕೆನ್ನೆಯ ಮೇಲೆ ಅಂಗೈ ಇಟ್ಟಳು.

ಕಚೇರಿಯ ಅಧಿಕಾರಿಗೆ ಕನ್ನಡ ಬರುತ್ತಿತ್ತು. ಅವಳನ್ನು ಕೂರಿಸಿ ನೀರು ಕೊಟ್ಟ. ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿದ.

"ಆ ಹೆಸರಿನವರು ಯಾರೂ ಇಲ್ಲಮ್ಮ. ಗುತ್ತಿಗೆದಾರ ಕೊಟ್ಟ ಪಟ್ಟಿಯಲ್ಲೂ ಇಲ್ಲ."

"ಗ್ವಾಡಿ ಮ್ಯಾಲ ಅದಾನಲ್ಲ ಸಾರ್!"

"ಫೋಟೋದಲ್ಲಿ ಹೆಸರಿಲ್ಲ."

"ಹೆಸರು ನಾ ಹೇಳ್ತೀನಲ್ಲ."

ಅಧಿಕಾರಿ ಕನ್ನಡಕ ತೆಗೆದು ಒರೆಸಿದ.

ಹೊರಗೆ ಲಾಲಪ್ಪ ಇರಲಿಲ್ಲ. ಕೆಳಗೆ, ಪ್ಲಾಟ್‌ಫಾರಂ ತುದಿಯಲ್ಲಿ ಕಂಬಕ್ಕೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ. ಅವಳನ್ನು ಕಂಡೊಡನೆ ಅಳತೊಡಗಿದ.

"ಅವನು ಎಲ್ಲಿಗೂ ಹೋಗಿಲ್ಲಕ್ಕಾ. ಮಣ್ಣು ಜಾರಿ ಬಿತ್ತು. ಅವನೊಬ್ಬನೇ ಕೆಳಗಿದ್ದ. ತೆಗೀತೀವಿ ಅಂದ್ರ ಮೇಸ್ತ್ರಿ ಬಿಡ್ಲಿಲ್ಲ. ನಮ್ಮನ್ನ ಲಾರಿಗೆ ತುಂಬಿ ಬ್ಯಾರೆ ಊರಿಗೆ ಕಳಿಸಿದ. ಇಲ್ಲೇ ಅದಾನ, ಈ ಕಂಬದ ಬುಡದಾಗ."

ರೈಲು ಬಂತು. ಜನ ಇಳಿದು, ಹತ್ತಿ, ಅವರನ್ನು ಬಳಸಿಕೊಂಡು ನಡೆದರು.

"ಎಂಟು ವರ್ಷ ನನ್ನ ಬಾಗಿಲ ಮುಂದ ಓಡಾಡಿದೆಯಲ್ಲೋ," ಎಂದಳು ಉಚ್ಚಮ್ಮ.

"ಬಾಯಿ ಬಿಟ್ರ ನಿನಗೂ ಇದೇ ಗತಿ ಅಂದಿದ್ದ ಮೇಸ್ತ್ರಿ. ಆಮ್ಯಾಲ ಹೇಳಾಕ ನನಗ ಬಾಯೇ ಬರಲಿಲ್ಲ."

"ಈಗ ಮ್ಯಾಲ ಬಾ. ಆ ಸಾರ್ ಮುಂದ ಇದನ್ನೇ ಹೇಳು."

"ನನ್ನಿಂದ ಆಗಲ್ಲಕ್ಕಾ. ನನಗೂ ಮಕ್ಕಳದಾವು."

ಅವಳು ಅವನ ಅಂಗಿ ಹಿಡಿದುಕೊಂಡಳು. ಕೊಡವಿಕೊಂಡು ಎದ್ದವನೇ ಜನರ ನಡುವೆ ಮೆಟ್ಟಿಲು ಹತ್ತಿ ಹೋದ. ಉಚ್ಚಮ್ಮ ಕಂಬದ ಬುಡದಲ್ಲಿ ಕೂತಳು. ಇಲ್ಲಿ ಕೂರಬಾರದೆಂದು ಕಾವಲಿನವನು ಎರಡು ಸಲ ಬಂದು ಎಬ್ಬಿಸಿದ. ಕಚೇರಿಗೆ ಮತ್ತೆ ಹೋಗಿ ತಾನೇ ಹೇಳಿದಳು. ಕಣ್ಣಾರೆ ಕಂಡವರನ್ನು ಕರೆತರಬೇಕೆಂದರು. ಲಾಲಪ್ಪನ ಫೋನು ಸ್ವಿಚ್ ಆಫ್ ಆಗಿತ್ತು.

ಊರಲ್ಲಿ ಕಣ್ಣು ಮಂಜಾದ ಅತ್ತೆ ವೀರಬಸಮ್ಮ ಬಾಗಿಲಲ್ಲೇ ಕಾದಿದ್ದಳು.

"ಆ ಫೋಟೋದಾಗ ಇರೋದು ನಮ್ಮ ಗೋವಿಂದನೇ ಏನಬೇ?"

ಉಚ್ಚಮ್ಮ ಮುದುಕಿಯ ಮುಖ ನೋಡಿದಳು. "ಅಲ್ಲತ್ತಿ. ಬ್ಯಾರೆ ಯಾರೋ."

"ಹಂಗಾರ ಎಲ್ಲೋ ಚೆನ್ನಾಗಿ ಅದಾನ ಬಿಡು," ಎಂದು ವೀರಬಸಮ್ಮ ನಿಟ್ಟುಸಿರುಬಿಟ್ಟಳು.

ಉಚ್ಚಮ್ಮ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಸತ್ತವರ ಮನೆಯಲ್ಲಿ ಮಾಡುವ ಸ್ನಾನ ಅದು. ಅತ್ತೆಗೆ ಕೇಳಿಸದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಹೊರಗೆ ಬಂದು, ಕನ್ನಡಿಯ ಮುಂದೆ ನಿಂತು, ಹಣೆಗೆ ಕುಂಕುಮ ಇಟ್ಟುಕೊಂಡಳು.