ಐದು ಗಂಟೆಯ ನೆರಳು

ನನ್ನನ್ನು ಈ ಉದ್ಯಾನದಲ್ಲಿ ಎಲ್ಲರೂ ಬೀಗಪ್ಪ ಎನ್ನುತ್ತಾರೆ. ಹದಿನಾಲ್ಕು ವರ್ಷಗಳಿಂದ ಗೇಟಿನ ಬೀಗ ತೆಗೆಯುವುದು, ಬೀಗ ಹಾಕುವುದು, ಇಷ್ಟೇ ನನ್ನ ಕೆಲಸ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಈ ಮಾತನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಆ ಮುತ್ತಿನಂಥ ಅಕ್ಷರವೇ ನನ್ನ ಅತ್ತಿಗೆಯ ಅನ್ನಕ್ಕೆ ಕಲ್ಲು ಹಾಕುವುದರಲ್ಲಿತ್ತು.

ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ, ಈ ಉದ್ಯಾನದ ಮಾಲಿ. ಇಪ್ಪತ್ತಾರು ವರ್ಷಗಳಿಂದ ಇಲ್ಲಿನ ಮಣ್ಣು ಅವರ ಉಗುರಿನಲ್ಲಿದೆ. ದೊಡ್ಡ ಮರಗಳಲ್ಲಿ ಒಂಬತ್ತು, ಮೊಳದುದ್ದದ ಸಸಿಯಿಂದ ಅವರೇ ಬೆಳೆಸಿದವು. ನನಗೆ ಈ ಕೆಲಸ ಕೊಡಿಸಿದವರೂ ಅವರೇ. ಅವರು ನನ್ನನ್ನು 'ಏನಯ್ಯ' ಎಂದು ಕರೆದರೆ ಎಲ್ಲ ಸರಿಯಾಗಿದೆ ಎಂದು ಅರ್ಥ. 'ಏನ್ರೀ ಬೀಗಪ್ಪನವರೇ' ಎಂದರೆ ನಾನು ಎಲ್ಲಾದರೂ ಬಚ್ಚಿಟ್ಟುಕೊಳ್ಳುವುದು ಒಳ್ಳೆಯದು.

ಕಳೆದ ವರ್ಷ ನಗರಸಭೆ ಉದ್ಯಾನವನ್ನು ಹೊಸದಾಗಿ ಮಾಡಿತು. ಬಳುಕುವ ಕಾಲುದಾರಿ, ನಡುವೆ ಕಾರಂಜಿ, ಹದಿನೆಂಟು ಕರಿಕಲ್ಲಿನ ಬೆಂಚು. ತೆರೆದ ದಿನ ಜನವೋ ಜನ. ಕಾರಂಜಿ ಚಿಮ್ಮಿದಾಗ ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳೇಕೆ ಹೇಳಲಿ. ಅದೇ ದಿನ ಸಂಜೆ ಕಚೇರಿಯವರು ದಪ್ಪ ರಟ್ಟಿನ ಪುಸ್ತಕವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅದು ದೂರು ಪುಸ್ತಕ. ಜನ ಹೇಳಬೇಕು, ನಾನು ಬರೆಯಬೇಕು. ಪುಟದಲ್ಲಿ ಅಚ್ಚಾಗಿದ್ದ ಕಾಲಂ ಮೂರೇ ಮೂರು: ಸ್ವಚ್ಛತೆ, ಗಿಡಮರ, ಸಿಬ್ಬಂದಿ. ಬಂದ ದೂರನ್ನು ಈ ಮೂರರಲ್ಲಿ ಒಂದಕ್ಕೆ ಸೇರಿಸಲೇಬೇಕು, ಒಂದೂ ಹೊರಗುಳಿಯಬಾರದು ಎಂದು ಅಪ್ಪಣೆಯಾಯಿತು.

ಮೊದಲ ವಾರವೇ ದೂರುಗಳು ಶುರುವಾದವು. ಶುರುಮಾಡಿದವರು ಗಣಿತದ ನಿವೃತ್ತ ಮೇಷ್ಟ್ರು. ಎಲ್ಲದಕ್ಕೂ ತಪ್ಪು ಹುಡುಕುವುದು ಅವರ ಅಭ್ಯಾಸ, ನಲವತ್ತು ವರ್ಷ ಅದಕ್ಕೇ ಸಂಬಳ ತೆಗೆದುಕೊಂಡವರು.

"ಬರ್ಕೊಳ್ರಿ ಬೀಗಪ್ಪ. ಬೆಂಚು ಕಾದ ಕಾವಲಿ ಆಗಿದೆ. ಕೂತ್ರೆ ದೋಸೆ ಆಗೋದೊಂದು ಬಾಕಿ."

ನಾನು ಬರೆದೆ. ಆಮೇಲೆ ಯೋಚನೆಗೆ ಬಿದ್ದೆ. ಇದನ್ನು ಎಲ್ಲಿಗೆ ಸೇರಿಸುವುದು? ಸ್ವಚ್ಛತೆ ಅಲ್ಲ, ಬೆಂಚು ಫಳಫಳ ಹೊಳೆಯುತ್ತಿದೆ. ಸಿಬ್ಬಂದಿ ಎಂದರೆ ನಾನು ಮತ್ತು ಅತ್ತಿಗೆ, ನಮ್ಮ ಮೇಲೆ ನಾವೇ ದೂರು ಬರೆದುಕೊಳ್ಳುವುದುಂಟೆ? ಬೆಂಚಿನ ಮೇಲೆ ಬಿಸಿಲು ಬೀಳುತ್ತಿದೆ ಎಂದರೆ ಅಲ್ಲಿ ಮರ ಸಾಲದು ಎಂದು ತಾನೆ? ಗಿಡಮರದ ಕಾಲಂನಲ್ಲಿ ದುಂಡಾಗಿ ಒಂದು ಗುರುತು ಹಾಕಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಹೊಲಿಗೆ ಅಂಗಡಿಯಾಕೆ ಬಂದು ಅದನ್ನೇ ಹೇಳಿದಳು. ಆಸ್ಪತ್ರೆಯ ಆಯಾ, ಕೋಲೂರಿಕೊಂಡು ಬರುವ ಅಜ್ಜಿ, ಬಸ್ಸಿನ ಕಂಡಕ್ಟರು, ಎಲ್ಲರದೂ ಅದೇ ರಾಗ. ಸಂಜೆ ಜನ ಬರುವರು, ಬೆಂಚು ಮುಟ್ಟಿ ನೋಡುವರು, ಕೈ ಕೊಡವಿಕೊಂಡು ಹುಲ್ಲಿನ ಮೇಲೆ ಪೇಪರ್ ಹಾಸಿ ಕೂರುವರು. ಹದಿನೆಂಟು ಬೆಂಚೂ ಖಾಲಿ. ನಾನು ಮಾತ್ರ ಗಿಡಮರದ ಕಾಲಂನಲ್ಲಿ ದುಂಡು ಗುರುತು ಹಾಕುತ್ತಲೇ ಹೋದೆ.

ಮೂರು ತಿಂಗಳಾದ ಮೇಲೆ ಕಚೇರಿಯಿಂದ ಪತ್ರ ಬಂತು. ಅತ್ತಿಗೆ ಅದನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದಾಗ ಅವರ ಕೈಯಲ್ಲಿನ್ನೂ ನೀರಿನ ಪೈಪಿತ್ತು. ಪೈಪಿನಿಂದ ನೀರು ನನ್ನ ಚಪ್ಪಲಿಯ ಮೇಲೆ ಸುರಿಯುತ್ತಿತ್ತು, ಅವರಿಗೆ ಅದರ ಗಮನವೇ ಇರಲಿಲ್ಲ.

"ಓದಯ್ಯ ಇದನ್ನ."

ಓದಿದೆ. ಗಿಡಮರಗಳ ನಿರ್ವಹಣೆಯ ಬಗ್ಗೆ ಇನ್ನೂರ ಹದಿನಾಲ್ಕು ದೂರು ಬಂದಿರುವುದರಿಂದ, ಮುಂದಿನ ತಿಂಗಳಿಂದ ನಿರ್ವಹಣೆಯನ್ನು ಹೊರಗಿನ ಗುತ್ತಿಗೆದಾರರಿಗೆ ವಹಿಸಲಾಗುವುದು. ಹಾಲಿ ಮಾಲಿಯನ್ನು ಊರಾಚೆಯ ಸಸ್ಯಕ್ಷೇತ್ರಕ್ಕೆ, ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಕಳಿಸಲಾಗುವುದು. ಇಪ್ಪತ್ತೆಂಟನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಉದ್ಯಾನ ಸಮಿತಿ ಬಂದು ನೋಡಿ ಅಂತಿಮ ತೀರ್ಮಾನ ಮಾಡುವುದು.

"ಇನ್ನೂರ ಹದಿನಾಲ್ಕು!" ಎಂದರು ಅತ್ತಿಗೆ. "ಯಾವ ಗಿಡ ಒಣಗಿಸ್ದೆ ನಾನು? ಯಾವ ಮರಕ್ಕೆ ನೀರು ಹಾಕ್ದೆ ಬಿಟ್ಟೆ? ಎಲ್ಲಿ, ಆ ಪುಸ್ತಕ ಕೊಡು."

ಅವರು ಪುಸ್ತಕ ತೆರೆದರು. ನಿಂತೇ ನಾಲ್ಕೈದು ಪುಟ ಓದಿದರು, ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತರು.

"ಏನ್ರೀ ಬೀಗಪ್ಪನವರೇ," ಎಂದರು.

ಬಚ್ಚಿಟ್ಟುಕೊಳ್ಳಲು ಆ ಕೋಣೆಯಲ್ಲಿ ಜಾಗವಿಲ್ಲ.

"ಬೆಂಚು ಸುಡುತ್ತೆ, ಗಿಡಮರ. ಬೆಂಚಿನ ಮೇಲೆ ಬಿಸಿಲು, ಗಿಡಮರ. ಬೆಂಚಿಗೆ ಒರಗೋಕೆ ಬೆನ್ನಿಲ್ಲ, ಅದೂ ಗಿಡಮರ! ಬೆಂಚಿಗೆ ಬೆನ್ನು ನಾನು ಬೆಳೆಸ್ಬೇಕಿತ್ತಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಬರೆ ಹಾಕಿದ್ದು ಮನೆಯವನೇ ಅಂತ ಈಗ ಗೊತ್ತಾಯ್ತು."

"ನಾಲ್ಕನೇ ಕಾಲಂ ಇರ್ಲಿಲ್ಲ ಅತ್ತಿಗೆ."

"ನಿನಗೆ ಬಾಯಿ ಇತ್ತಲ್ಲ?"

ನಾಚಿಕೆಯಿಂದ ನೆಲ ನೋಡಿದೆ. ಯಾರ ಉಪ್ಪು ತಿಂದಿದ್ದೆನೋ ಅವರಿಗೇ, ಚಂದದ ಅಕ್ಷರದಲ್ಲಿ, ಇನ್ನೂರ ಹದಿನಾಲ್ಕು ಸಲ ಬರೆ ಎಳೆದಿದ್ದೆ. ಆ ಹೊತ್ತಿಗೆ ನನ್ನ ಬೆರಳುಗಳನ್ನು ಕಂಡರೆ ನನಗೇ ಹೇಸಿಗೆಯಾಯಿತು.

ಅತ್ತಿಗೆ ಮಾತ್ರ ಪುಟ ತಿರುಗಿಸುತ್ತಲೇ ಇದ್ದರು. ಒಮ್ಮೆಲೇ ಅವರ ಬೆರಳು ಪುಟದ ಅಂಚಿನಲ್ಲಿ ನಿಂತಿತು.

"ಇದೇನಯ್ಯ, ಪಕ್ಕದಲ್ಲಿ?"

ಅದು ಹೊತ್ತು. ಗೇಟು ಕಾಯುವವನ ಚಾಳಿ. ಗುದ್ದಲಿ ಹೊರಗೆ ಹೋದರೂ ಹೊತ್ತು ಬರೆಯುತ್ತೇನೆ, ಒಳಗೆ ಬಂದರೂ ಬರೆಯುತ್ತೇನೆ. ಯಾರೂ ಕೇಳದಿದ್ದರೂ ಪ್ರತಿ ದೂರಿನ ಪಕ್ಕದಲ್ಲಿ ಹೊತ್ತು ಬರೆದಿದ್ದೆ. ಐದು ಹತ್ತು. ಐದು ಇಪ್ಪತ್ತು. ಐದೂವರೆ. ಐದು ನಲವತ್ತು.

"ಬೆಳಿಗ್ಗೆ ಹನ್ನೊಂದು ಗಂಟೆದು ಒಂದೂ ಇಲ್ವಲ್ಲ," ಎಂದರು ಅತ್ತಿಗೆ ಮೆಲ್ಲಗೆ. ಮುಖದಲ್ಲಿ ಸಣ್ಣದೊಂದು ಕಳೆ ಬಂತು. "ನಕ್ಷೆ ಬರೆಯೋ ಇಂಜಿನಿಯರು ಅಳತೆಗೆ ಬಂದಿದ್ದು ಹನ್ನೊಂದಕ್ಕೆ. ಸಮಿತಿಯೋರು ಬರೋದೂ ಹನ್ನೊಂದಕ್ಕೆ. ಆಗ ಬೆಂಚಿನ ಮೇಲೆ ತಂಪು ನೆರಳು. ಮಧ್ಯಾಹ್ನ ಆದ್ಮೇಲೆ ನೆರಳು ಮರದ ಆ ಕಡೆ ಹೋಗುತ್ತೆ, ಬೆಂಚು ಈ ಕಡೆ ಬೇಯುತ್ತೆ. ನಾನು ಆವತ್ತೇ ಹೇಳ್ದೆ, ಸಾರ್ ಸಂಜೆ ಬಂದು ನೋಡಿ ಅಂತ. ನಕ್ಷೆ ಆಗೋಗಿದೆಯಮ್ಮ ಅಂದ್ರು. ಹಿತ್ತಲ ಗಿಡ ಮದ್ದಲ್ಲ ನೋಡು."

ಅಷ್ಟೇ ಸಂಗತಿ. ಕಚೇರಿಯ ಹೊತ್ತಿಗೆ ಕಚೇರಿಯವರು ಕಂಡ ಉದ್ಯಾನವೇ ಬೇರೆ, ಕೆಲಸ ಮುಗಿಸಿ ಬರುವ ಜನ ಕಂಡ ಉದ್ಯಾನವೇ ಬೇರೆ.

ಮಾರನೆಯ ದಿನದಿಂದ ಅತ್ತಿಗೆ ಒಂದು ಕೆಲಸ ಶುರುಮಾಡಿದರು. ಐದು ಗಂಟೆಗೆ ಸರಿಯಾಗಿ ಡಬ್ಬಿಯಲ್ಲಿ ಸುಣ್ಣದ ಪುಡಿ ಹಿಡಿದು, ಪ್ರತಿ ಮರದ ನೆರಳಿನ ಅಂಚಿಗೂ ಹುಲ್ಲಿನ ಮೇಲೆ ಬಿಳಿ ಗೆರೆ ಎಳೆಯುವರು. ಜನ ಕೇಳಿದರೆ ಇಷ್ಟೇ ಉತ್ತರ: "ಬೆಂಚು ಇರಬೇಕಾದ ಜಾಗ." ಮೇಷ್ಟ್ರು ಮೊದಲ ದಿನವೇ ಗೆರೆಯೊಳಗೆ ಪೇಪರ್ ಹಾಸಿದರು. ವಾರ ಕಳೆಯುವುದರೊಳಗೆ ಬಿಳಿ ಗೆರೆಗಳ ಒಳಗೆ ಜನ ಒತ್ತಿಕೊಂಡು ಕೂರುತ್ತಿದ್ದರು. ಸುಡುವ ಬೆಂಚುಗಳು ಆ ಕಡೆ ಒಂಟಿಯಾಗಿ ಬಿದ್ದಿರುತ್ತಿದ್ದವು.

ಇಪ್ಪತ್ತೆಂಟನೇ ತಾರೀಖು ಹನ್ನೊಂದಕ್ಕೆ ಸಮಿತಿ ಬಂತು. ಅಧ್ಯಕ್ಷೆ ಎತ್ತರದ ಹೆಂಗಸು, ಮಾತು ಕಡಿಮೆ. ಜೊತೆಗೆ ನಕ್ಷೆಯ ಇಂಜಿನಿಯರು. ಎಲ್ಲರೂ ಬೆಂಚಿನ ಮೇಲೆ ಕೂತರು. ತಣ್ಣಗಿತ್ತು, ಗಾಳಿ ಬೀಸುತ್ತಿತ್ತು.

"ಜಾಗ ಚೆನ್ನಾಗಿದೆ," ಎಂದರು ಅಧ್ಯಕ್ಷೆ. "ಹಾಗಾದ್ರೆ ತೊಂದರೆ ನಿರ್ವಹಣೆದೇ ಅಲ್ವಾ?"

ಇಂಜಿನಿಯರು ತಲೆಯಾಡಿಸಿದರು. ಅತ್ತಿಗೆ ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ. ನನ್ನ ಕೆಲಸವೂ ಹೋದರೆ ಹೋಗಲಿ ಎಂದುಕೊಂಡಿದ್ದೆ.

"ತಪ್ಪು ನಂದು ಮೇಡಂ. ಇವು ಗಿಡದ ದೂರಲ್ಲ, ಬೆಂಚಿನ ದೂರು. ಬೆಂಚಿಗೆ ಕಾಲಂ ಇರ್ಲಿಲ್ಲ ಅಂತ ನಾನೇ ಗಿಡಕ್ಕೆ ಸೇರಿಸ್ಬಿಟ್ಟೆ. ಒಂದೊಂದೂ ಓದಿ ನೋಡಿ. ಪಕ್ಕದಲ್ಲಿ ಹೊತ್ತೂ ಬರ್ದಿದೀನಿ."

ಅವರು ಪುಸ್ತಕ ತೆಗೆದುಕೊಂಡರು. ಒಂದು ಪುಟ, ಎರಡು ಪುಟ, ಹತ್ತು ಪುಟ. ಎಂಟನೆಯದರಲ್ಲೋ ಒಂಬತ್ತನೆಯದರಲ್ಲೋ ಅವರ ಹುಬ್ಬು ಮೇಲೆ ಹೋಯಿತು. ಪುಸ್ತಕ ಮುಚ್ಚಿದರು.

"ಸಂಜೆ ಐದಕ್ಕೆ ಬರ್ತೀನಿ," ಎಂದರು. ಇಂಜಿನಿಯರ ಕಡೆ ತಿರುಗಿ, "ನೀವೂ ಬರ್ತೀರಿ," ಎಂದರು.

ಬಂದರು. ಅಂದಿನ ಬಿಸಿಲಿಗೆ ನಾನು ಕೈಮುಗಿಯಬೇಕು, ಒಂದು ಮೋಡವೂ ಅಡ್ಡ ಬರಲಿಲ್ಲ. ಅಧ್ಯಕ್ಷೆ ಬೆಳಿಗ್ಗೆ ಕೂತ ಬೆಂಚಿನ ಮೇಲೇ ಕೂತರು, ಕೂತಷ್ಟೇ ಬೇಗ ಎದ್ದರು. ಇಂಜಿನಿಯರು ಅಂಗೈ ಇಟ್ಟು ನೋಡಿದರು, ತೆಗೆದು ಊದಿಕೊಂಡರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಎದುರಿಗೆ ಮರದ ಆ ಬದಿಯಲ್ಲಿ ಬಿಳಿ ಗೆರೆಗಳು. ಗೆರೆಯೊಳಗೆ ಕಮ್ಮಿಯೆಂದರೂ ನೂರು ಜನ. ಹೊಲಿಗೆ ಅಂಗಡಿಯಾಕೆ ಕಾಜ ಹಾಕುತ್ತಿದ್ದಳು. ಆಯಾ ಚಪ್ಪಲಿ ಬಿಟ್ಟು ಕಾಲು ಚಾಚಿದ್ದಳು. ಅಜ್ಜಿ ಮಾತ್ರ ಕೋಲೂರಿ ನಿಂತೇ ಇದ್ದಳು, ನೆಲದ ಮೇಲೆ ಕೂತರೆ ಮತ್ತೆ ಏಳಲಾಗದು.

"ಈ ಗೆರೆ ಎಳೆದೋರು ಯಾರು?" ಎಂದು ಕೇಳಿದರು ಅಧ್ಯಕ್ಷೆ.

"ನಮ್ಮ ಮಾಲಿಯಮ್ಮ!" ಎಂದು ಮೇಷ್ಟ್ರು ಕೂತಲ್ಲಿಂದಲೇ ಕೂಗಿದರು. "ನಲವತ್ತು ವರ್ಷ ರೇಖಾಗಣಿತ ಕಲಿಸಿದೀನಿ ಮೇಡಂ, ಇಷ್ಟು ಸರಿಯಾದ ಗೆರೆ ನೋಡಿಲ್ಲ!"

ಆ ಮನುಷ್ಯನ ಬಾಯಿಂದ ಹೊಗಳಿಕೆ! ಜನರೆಲ್ಲ ನಕ್ಕರು, ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಕಾರಂಜಿಗೆ ಬಿದ್ದ ಚಪ್ಪಾಳೆ ಇದರ ಮುಂದೆ ಏನೂ ಅಲ್ಲ. ಅತ್ತಿಗೆ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದರು, ಕೈಯೆಲ್ಲ ಬಿಳಿ. ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಕೆನ್ನೆಯನ್ನೂ ಬಿಳಿ ಮಾಡಿಕೊಂಡರು. ನನಗೆ ಅಳು ಬಂತು, ತಡೆಯಲಿಲ್ಲ.

ಗುತ್ತಿಗೆಯ ಮಾತು ಅಲ್ಲಿಗೇ ಮುಗಿಯಿತು. ಅತ್ತಿಗೆ ಇಲ್ಲೇ ಉಳಿದರು. ಮೂರು ವಾರದಲ್ಲಿ ಹದಿನೆಂಟು ಬೆಂಚೂ ಎದ್ದು ಮರದ ಆ ಬದಿಗೆ ಹೋದವು, ಒರಗಲು ಬೆನ್ನೂ ಬಂತು. ಇಂಜಿನಿಯರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು: ಪ್ರತಿ ಬೆಂಚಿಗೂ ಅವರೇ ಬಂದು, "ಇಲ್ಲಿಡ್ಲಾ ಅಮ್ಮ?" ಎಂದು ಕೇಳಿದರು. ಅತ್ತಿಗೆ ಗಡಿಯಾರ ನೋಡಿ, "ತಡೀರಿ, ಐದಾಗ್ಲಿ," ಎನ್ನುವರು. ಅವರು ಕಾಯುವರು. ಹೊಸ ದೂರು ಪುಸ್ತಕವೂ ಬಂತು, ಅದರಲ್ಲಿ ನಾಲ್ಕು ಕಾಲಂ. ನಾಲ್ಕನೆಯದು ವಿನ್ಯಾಸ.

ಹದಿನೈದು ದಿನ ಆ ಪುಸ್ತಕಕ್ಕೆ ಒಂದು ದೂರೂ ಬೀಳಲಿಲ್ಲ. ನನ್ನ ಅಕ್ಷರ ತುಕ್ಕು ಹಿಡಿಯುತ್ತದೇನೋ ಎಂದು ಭಯವಾಗುವಷ್ಟರಲ್ಲಿ ಒಂದು ಸಂಜೆ ಮೇಷ್ಟ್ರು ಕಿಟಕಿಗೆ ಬಂದು ಮೇಜು ಕುಟ್ಟಿದರು.

"ಬರ್ಕೊಳ್ರಿ! ನಾಲ್ಕೂವರೆಗೆ ಬಂದ್ರೂ ಕೂರೋಕೆ ಜಾಗ ಇಲ್ಲ. ಎಲ್ಲ ಬೆಂಚೂ ಭರ್ತಿ. ಇದೇನು ಅನ್ಯಾಯ?"

ಹೊತ್ತು ಹಾಕಿ ಬರೆದುಕೊಂಡೆ. ಈ ಸಲ ಗುರುತು ಹಾಕಲಿಲ್ಲ, ಬುದ್ಧಿ ಬಂದಿತ್ತು. ಪುಸ್ತಕ ಹಿಡಿದು ಅತ್ತಿಗೆ ನೀರು ಬಿಡುತ್ತಿದ್ದ ಕಡೆಗೆ ಹೋದೆ. ದಾರಿಯುದ್ದಕ್ಕೂ ನೋಡಿದೆ, ಹೌದು, ಒಂದು ಬೆಂಚೂ ಖಾಲಿಯಿರಲಿಲ್ಲ. ಮೊದಲ ಬೆಂಚಿನಲ್ಲಿ ಅಜ್ಜಿ ಕೋಲನ್ನು ಪಕ್ಕಕ್ಕಿಟ್ಟು ಒರಗಿ ಕೂತಿದ್ದಳು.

ಅತ್ತಿಗೆ ದೂರನ್ನು ಎರಡು ಸಲ ಓದಿದರು.

"ಯಾವ ಕಾಲಂಗೆ ಹಾಕ್ದೆ?"

"ಇನ್ನೂ ಹಾಕಿಲ್ಲ. ನಿಮ್ಮನ್ನ ಕೇಳೋಣ ಅಂತ ಬಂದೆ."

ಅವರು ತಲೆಯೆತ್ತಿ ತಾವು ಬೆಳೆಸಿದ ಮರವನ್ನು ನೋಡಿದರು, ಅದರ ಕೆಳಗೆ ಕೂತವರನ್ನು ನೋಡಿದರು.

"ಗಿಡಮರಕ್ಕೇ ಹಾಕಯ್ಯ," ಎಂದರು. "ಇದು ನಂದು."